ಮೂರರಲ್ಲೊಂದು

ಐಸ್ ಫ್ಯಾಕ್ಟರಿಯ ಶಟರು ಬಿದ್ದದ್ದು ಮಂಗಳವಾರ.
ನಾನಲ್ಲಿ ಕೂಲಿಯವಳಲ್ಲ, ಗಿರಾಕಿ.
ಎರಡು ಮೂಟೆ ಐಸಿಗೆ ದುಡ್ಡು ಕೊಟ್ಟು
ಚಿಲ್ಲರೆಗೆ ಎಡಗೈ ಚಾಚಿದ್ದೆ.
ಆಮೇಲೆ ಎಲ್ಲರೂ ಕೇಳಿದ್ದು ಇದನ್ನೇ:
ಕೂಲಿಯೋ, ಗಿರಾಕಿಯೋ?
ಬೆರಳುಗಳಿಗೆ ಆ ವ್ಯತ್ಯಾಸ ಗೊತ್ತಾಗಲಿಲ್ಲ.

ಅಲಬಾಮಾದ ತುದಿ, ಬಾಯೂ ಲಾ ಬಾತ್ರಿ,
ಸಿಗಡಿ ದೋಣಿಗಳ ಊರು.
ಮೂವತ್ತೆಂಟು ವರ್ಷ ಇಲ್ಲಿ ಬಲೆ ಹೆಣೆದೆ.
ಮೆಕಾಂಗಿನ ದಡದಲ್ಲಿ ಅಜ್ಜಿ ಕಲಿಸಿದ ಗಂಟನ್ನು
ಈ ಕೊಲ್ಲಿಯ ಸಿಗಡಿಯೂ ಒಪ್ಪಿಕೊಂಡಿತ್ತು.

ಹತ್ತನೇ ದಿನ ವಿಮೆಯವನ ಫೋನು. ದನಿ ಬೆಣ್ಣೆ.
"ನೋವು ಎಷ್ಟಿದೆಯಮ್ಮಾ? ಒಂದರಿಂದ ಹತ್ತರೊಳಗೆ ಹೇಳಿ."
"ಈಗ ನನಗೆ ಏಳರ ತನಕ ಮಾತ್ರ ಎಣಿಸಲು ಬರುತ್ತೆ" ಅಂದೆ.
ಏಳು ಅಂತ ಬರೆದುಕೊಂಡ.
ನಾಲ್ಕೂವರೆ ಸಾವಿರ ಡಾಲರಿನ ಚೆಕ್ಕು ಬಂತು,
ಜೊತೆಗೊಂದು ಹಾಳೆ:
ಇಲ್ಲಿಗೆ ಎಲ್ಲ ಮುಗಿಯಿತು, ಸಹಿ ಹಾಕಿ.

ಹಾಕಿಬಿಡು ಅಂದ ಭಾವ ಖಾಮ್‌ಫೆಟ್.
ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.
ಎರಡನ್ನೂ ಮಡಿಸಿ ಅಕ್ಕಿ ಡಬ್ಬದಲ್ಲಿಟ್ಟೆ.
ಅಕ್ಕಿ ಅಳೆಯುವಾಗೆಲ್ಲ ಕೈಗೆ ತಾಕುತ್ತಿತ್ತು.

ಮೊಬೀಲಿಗೆ ಹೋಗುವ ಹೆದ್ದಾರಿಯುದ್ದಕ್ಕೂ ವಕೀಲರು,
ಬಾಗಿಲಷ್ಟು ಅಗಲ ಒಂದೊಂದು ಹಲ್ಲು.
ಒಬ್ಬನ ನಂಬರು ತಿರುಗಿಸಿದರೆ ಯಂತ್ರ ಹೇಳಿತು,
ಗಾಯವಾಗಿದ್ದರೆ ಒಂದನ್ನು ಒತ್ತಿ,
ತೀರಿಕೊಂಡಿದ್ದರೆ ಎರಡನ್ನು.
ಎರಡನ್ನು ಒತ್ತಿದೆ. ಬೇಗ ಎತ್ತಿದರು.
ಬದುಕಿದ್ದೀನಿ ಅಂತ ತಿಳಿದ ಮೇಲೆ
ಸಂಗೀತ ಹಾಕಿ ಹೋದವರು ಬರಲೇ ಇಲ್ಲ.

ಇನ್ನೊಬ್ಬನ ಆಫೀಸಿನಲ್ಲಿ ಗಾಜಿನ ತೊಟ್ಟಿ, ಕಿತ್ತಳೆ ಮೀನು.
ಬಾಡಿದ ಸೊಪ್ಪಿನ ಕಟ್ಟು ತಿರುವಿ ನೋಡುವ ಹಾಗೆ
ನನ್ನ ಕೈ ತಿರುವಿ ನೋಡಿದ.
"ಅರವತ್ತೊಂದು ವಯಸ್ಸು. ಅದೂ ಎಡಗೈ" ಅಂದ.
ಮೀನಿನ ನೀರು ಬದಲಿಸಬೇಕು ಅಂತ ಹೇಳಿ ಎದ್ದು ಬಂದೆ.

ಸಿಂಪಿ ಬಿಡಿಸುವ ಲೊರೆಟ್ಟಾ ದಾರಿ ಹೇಳಿದಳು:
ಟೈರ್ ಅಂಗಡಿಯ ಹಿಂದೆ, ಮೂರನೇ ಬಾಗಿಲು,
ಬೆಲ್ಲು ಕೆಟ್ಟಿದೆ, ಜೋರಾಗಿ ತಟ್ಟು.
ಯೂಲಾ ಪೆಟ್‌ವೇ. ಕಪ್ಪು ಹೆಂಗಸು, ದಪ್ಪ ಕನ್ನಡಕ,
ರಬ್ಬರಿನ ವಾಸನೆಗೆ ಕಿಟಕಿ ಮುಚ್ಚಿಕೊಂಡವಳು.
ನನ್ನ ಹೆಸರು ಮೂರು ಸಲ ಹೇಳಿಸಿಕೊಂಡಳು,
ಬುವಾವಣ್, ಒಂದಕ್ಷರ ತಪ್ಪದೆ ಬರೆದಳು.
ನೋವು ಎಷ್ಟು ಅಂತ ಕೇಳಲಿಲ್ಲ.
ಡ್ರಾಯರಿನಿಂದ ಹುರಿ ತೆಗೆದು ಮುಂದಿಟ್ಟು
"ಒಂದು ಗಂಟು ಹಾಕಿ ತೋರಿಸಿ" ಅಂದಳು.

ಹಾಕಲು ಹೋದೆ.
ಮೊದಲು ಉಸಿರು ಎಳೆದು ಬಿಡುವಷ್ಟರಲ್ಲಿ ಆಗುತ್ತಿದ್ದದ್ದು.
ಹುರಿ ಜಾರಿತು. ಹಲ್ಲಿನಲ್ಲಿ ಕಚ್ಚಿಕೊಂಡೆ. ಮತ್ತೆ ಜಾರಿತು.
ಹೊರಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.
ಅವಳು ಗಡಿಯಾರ ನೋಡಿದಳು, ಬರೆದಳು,
ಅರ್ಧಗಂಟನ್ನು ಹಾಗೇ ಲಕೋಟೆಗೆ ಹಾಕಿ
ಮೇಲೆ ತಾರೀಕು ಹಾಕಿದಳು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ.
ಬೇಕಂತೆ. ಮೂರು ಪ್ರತಿ, ನೋಟರಿ ಮೊಹರಿನ ಸಮೇತ.

"ಫೀಸು?"
"ಗೆದ್ದರೆ ಮೂರರಲ್ಲೊಂದು ಪಾಲು."
"ಸೋತರೆ?"
"ಸೊನ್ನೆಯಲ್ಲೂ ಮೂರರಲ್ಲೊಂದು."
"ಡಾಕ್ಟರ ಸಾಕ್ಷಿ, ಅಂಚೆ, ಜೆರಾಕ್ಸು?"
"ಅದು ಬೇರೆ. ಕೇಳಿದ್ದು ಒಳ್ಳೆಯದಾಯಿತು,
ಮುಕ್ಕಾಲು ಮಂದಿ ಕೇಳುವುದಿಲ್ಲ."

ನಾನು ಕೈಯನ್ನೇ ನೋಡುತ್ತಿದ್ದೆ.
ಹೋದದ್ದೂ ಮೂರೇ.
"ಹಾಗಾದರೆ ಯಾವ ಬೆರಳು ನಿಮ್ಮದು?" ಅಂದೆ.
ನಗಲಿಲ್ಲ ಆಕೆ. ಕನ್ನಡಕ ತೆಗೆದು ಒರೆಸಿದಳು.
"ಕಿರುಬೆರಳು ಸಾಕು" ಅಂದಳು.
"ಉಂಗುರದ್ದು ನೀವಿಟ್ಟುಕೊಳ್ಳಿ."

ಹಾಳೆಗಳನ್ನು ಮನೆಗೆ ತಂದಿದ್ದೀನಿ,
ಓದದೆ ಸಹಿ ಹಾಕಬೇಡಿ ಅಂದಿದ್ದಾಳೆ.
ಅಕ್ಕಿ ಡಬ್ಬದಲ್ಲಿ ಈಗ ಎರಡು ಕಟ್ಟು.
ಖಾಮ್‌ಫೆಟ್ ಬಂದಾಗ ಡಬ್ಬದ ಮೇಲೆ ಕೂರುತ್ತೇನೆ.
ಐಸ್ ಫ್ಯಾಕ್ಟರಿಯ ಶಟರಿಗೆ ಹಳದಿ ಬಣ್ಣ ಬಳಿದಿದ್ದಾರೆ,
ಎಚ್ಚರಿಕೆ ಅಂತ ಬರೆದಿದ್ದಾರೆ, ನಾಲ್ಕು ಭಾಷೆಯಲ್ಲಿ.
ಲಾವೋದಲ್ಲಿ ಒಂದಕ್ಷರ ತಪ್ಪಿದೆ.